ಓಟ್ಸ್, ಒಣದ್ರಾಕ್ಷಿ ಸ್ಕೋನ್: ನಾದಬೇಡಿ, ಸುಮ್ನೆ ಕೂಡಿಸಿ

ಸ್ಕೋನ್ ಅಂದರೆ ಓವನ್ನಿನಲ್ಲಿ ಬೇಯಿಸುವ, ಬ್ರೆಡ್ಡಿನಂಥ ದಪ್ಪ ಪುಟ್ಟ ತಿಂಡಿ. ಅದನ್ನು ಮಾಡಲು ಕೂತಾಗ ಮೊದಲು ತಡೆಯಬೇಕಾದ್ದು ನಮ್ಮ ಕೈಯನ್ನು. ಹಿಟ್ಟಿಗೆ ನೀರು ಬಿದ್ದ ಕೂಡಲೇ ಅದು ನಾದಲು ಶುರು ಮಾಡುತ್ತದೆ. ಚಪಾತಿಗೆ ಅದು ಸರಿ, ನಾದಿದಷ್ಟೂ ಮೃದು. ಸ್ಕೋನ್‌ಗೆ ಪೂರ್ತಿ ಉಲ್ಟಾ. ನಾದಿದರೆ ಮೈದಾದಲ್ಲಿನ ಗ್ಲುಟೆನ್ ಎಂಬ ಅಂಟು ಎಳೆ ಕಟ್ಟುತ್ತದೆ, ಓವನ್ನಿನಲ್ಲಿ ಹಿಟ್ಟು ಮೇಲೇಳುವುದಿಲ್ಲ, ತಿನ್ನುವಾಗ ಜಗಿದೂ ಜಗಿದೂ ಸಾಕಾಗುತ್ತದೆ. ಈ ಒಂದು ವಿಷಯ ಕೈಗೆ ಹತ್ತಿದರೆ ಮಿಕ್ಕಿದ್ದೆಲ್ಲ ಸಲೀಸು.

ನಾನಿರುವುದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆ ಹೊತ್ತಿಗೆ ಒಲೆಯ ಮೇಲೆ ಕಾಫಿ, ಓವನ್ನಿನಲ್ಲಿ ಸ್ಕೋನ್ ಇದ್ದರೆ ಮನೆಯೇ ಬೆಚ್ಚಗಾಗುತ್ತದೆ. ಸ್ಕೋನ್ ಈ ನಾಡಿನ ಹಳೆಯ ತಿಂಡಿ. 1513ರ ಸ್ಕಾಟ್ಸ್ ಬರಹವೊಂದರಲ್ಲೇ ಅದರ ಹೆಸರಿದೆ. ಚಳಿ, ಮಳೆ ಜಾಸ್ತಿ ಇರುವ ಈ ಕಡೆ ಗೋಧಿಗಿಂತ ಓಟ್ಸ್ ಚೆನ್ನಾಗಿ ಬರುತ್ತದೆ. ನಮ್ಮ ಹಾಸನದ ಕಡೆ ರಾಗಿ ಹೇಗೋ, ಇಲ್ಲಿ ಓಟ್ಸ್ ಹಾಗೆ. ಬೇಕಿಂಗ್ ಪೌಡರ್ ಬಂದದ್ದು 1840ರ ದಶಕದಲ್ಲಿ. ಅದಕ್ಕೂ ಹಿಂದೆ ಓಟ್ಸ್ ಇಲ್ಲವೇ ಬಾರ್ಲಿ ಹಿಟ್ಟನ್ನು ಚಪ್ಪಟೆಯಾಗಿ ತಟ್ಟಿ ಕಬ್ಬಿಣದ ಕಾವಲಿಯ ಮೇಲೆ ಬೇಯಿಸುತ್ತಿದ್ದರು. ಹಾಗಾಗಿ ಓಟ್ಸ್ ಹಾಕುವುದು ಆರೋಗ್ಯದ ಹೊಸ ಫ್ಯಾಷನ್ ಏನಲ್ಲ.

ಎಂಟು ಸ್ಕೋನ್‌ಗೆ ಬೇಕಾದ್ದು ಇಷ್ಟು: ಮೈದಾ 225 ಗ್ರಾಂ, ಓಟ್ಸ್ 75 ಗ್ರಾಂ, ಬೇಕಿಂಗ್ ಪೌಡರ್ 3 ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಕಾಲು ಟೀ ಚಮಚ, ಸಕ್ಕರೆ 40 ಗ್ರಾಂ, ತಣ್ಣಗಿನ ಬೆಣ್ಣೆ 60 ಗ್ರಾಂ, ಒಣಹಣ್ಣು 80 ಗ್ರಾಂ, ಮಜ್ಜಿಗೆ 180 ಮಿಲಿ ಲೀಟರ್. ಮೊಟ್ಟೆ ಬೇಡ. ಅಂಗಡಿಯ ಉಪ್ಪು ಬೆಣ್ಣೆ ಬಳಸಿದರೆ ಬೇರೆ ಉಪ್ಪು ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ನೀರನ್ನೆಲ್ಲ ಒತ್ತಿ ತೆಗೆದು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಮಜ್ಜಿಗೆ ಅಂದರೆ ಊಟಕ್ಕೆ ಕುಡಿಯುವ ತೆಳು ಮಜ್ಜಿಗೆ ಅಲ್ಲ. ಮುಕ್ಕಾಲು ಪಾಲು ಮೊಸರಿಗೆ ಕಾಲು ಪಾಲು ನೀರು ಹಾಕಿ ಕಡೆದರೆ ಸರಿಯಾದ ಹದ. ಸ್ವಲ್ಪ ಹುಳಿಯಿದ್ದರೆ ಒಳ್ಳೆಯದು, ಸೋಡಾ ಕೆಲಸ ಮಾಡುವುದು ಆ ಹುಳಿಯ ಜೊತೆ ಸೇರಿದಾಗಲೇ.

ಓಟ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ದಪ್ಪ ಅವಲಕ್ಕಿಯಂಥ ರೋಲ್ಡ್ ಓಟ್ಸ್ ತನ್ನಿ. ಮಸಾಲೆ ಬೆರೆಸಿದ ಪ್ಯಾಕೆಟ್ ಬೇಡವೇ ಬೇಡ. ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿ, ಘಮ ಬಂದ ಕೂಡಲೇ ಇಳಿಸಿ. ಈ ಹುರಿಯುವ ಕೆಲಸ ಬಿಟ್ಟರೂ ಸ್ಕೋನ್ ಆಗುತ್ತದೆ, ಆದರೆ ರುಚಿಯ ಅರ್ಧ ಭಾಗ ಇರುವುದು ಇಲ್ಲೇ. ಆರಿದ ಮೇಲೆ ಮಜ್ಜಿಗೆಯಲ್ಲಿ ಹಾಕಿ ಹದಿನೈದು ನಿಮಿಷ ನೆನೆಯಲು ಬಿಡಿ. ಒಣ ಓಟ್ಸನ್ನೇ ಹಿಟ್ಟಿಗೆ ಬೆರೆಸಿದರೆ ಅದು ಒಳಗಿನ ಪಸೆಯನ್ನೆಲ್ಲ ಹೀರಿಕೊಳ್ಳುತ್ತದೆ, ಸ್ಕೋನ್ ತಣ್ಣಗಾದ ಮೇಲೆ ಪುಡಿಪುಡಿಯಾಗುತ್ತದೆ. ನೆನೆಸುವ ಮುಂಚೆಯೇ ಮೇಲೆ ಉದುರಿಸಲು ಒಂದು ಚಮಚ ಎತ್ತಿಡಿ. ಓಟ್ಸ್ ಹೆಚ್ಚಿಸಬೇಕು ಅನ್ನುವ ಆಸೆ ಬರುತ್ತದೆ, ತಡೆದುಕೊಳ್ಳಿ. ಗೋಧಿಯ ಹಾಗೆ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಒಟ್ಟು ಹಿಟ್ಟಿನ ಕಾಲು ಭಾಗ ದಾಟದಿದ್ದರೆ ಸ್ಕೋನ್ ಎತ್ತರಕ್ಕೆ ಏಳುತ್ತದೆ.

ಹಣ್ಣಿಗೆ ಇಲ್ಲಿ ಸುಲ್ತಾನ ಅನ್ನುವ ಒಣದ್ರಾಕ್ಷಿ ಹಾಕುತ್ತಾರೆ. ವಿಜಯಪುರದ ಒಣದ್ರಾಕ್ಷಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇಡ. ಬಿಸಿ ಟೀ ಡಿಕಾಕ್ಷನ್‌ನಲ್ಲಿ ಹತ್ತು ನಿಮಿಷ ನೆನೆಸಿ, ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ. ನೆನೆಸದ ದ್ರಾಕ್ಷಿ ಮೇಲ್ಮೈಯಲ್ಲಿದ್ದರೆ ಸೀದು ಕಹಿಯಾಗುತ್ತದೆ. ಖರ್ಜೂರ, ಅಂಜೂರ ಹೆಚ್ಚಿ ಹಾಕಬಹುದು. ಕಿತ್ತಳೆ ಸಿಪ್ಪೆಯ ತುರಿ ಒಂದು ಚಿಟಿಕೆ ಇರಲಿ, ದ್ರಾಕ್ಷಿಗೂ ಅದಕ್ಕೂ ಬಹಳ ಹೊಂದುತ್ತದೆ. ಬಾಳೆ, ಮಾವು ಹಾಕಬೇಡಿ, ನೀರು ಬಿಟ್ಟು ಒಳಗೆ ಹಸಿಹಸಿ ಉಳಿಯುತ್ತದೆ.

ಓವನ್ ಮೊದಲೇ ಕಾಯಿಸಲು ಇಡಿ, 220 ಡಿಗ್ರಿ. ಫ್ಯಾನ್ ಇದ್ದರೆ 200. ಹಾಸನದಲ್ಲಿ ನನ್ನ ಅಕ್ಕ ಸಣ್ಣ ಒಟಿಜಿಯಲ್ಲಿ, ಅಂದರೆ ಮೇಜಿನ ಮೇಲಿಡುವ ಕರೆಂಟಿನ ಓವನ್ನಿನಲ್ಲಿ, ಮಾಡುತ್ತಾಳೆ. ಮೇಲಿನ, ಕೆಳಗಿನ ರಾಡ್ ಎರಡನ್ನೂ ಹಾಕಿ ಹದಿನೈದು ನಿಮಿಷ ಕಾಯಿಸಿ, ಟ್ರೇಯನ್ನು ಕೆಳಗಿನ ಅಂತಸ್ತಿನಲ್ಲಿ ಇಡುತ್ತಾಳೆ. ಮೇಲಿಟ್ಟರೆ ತಲೆ ಸೀದು ಒಳಗೆ ಬೇಯುವುದಿಲ್ಲ. ಅರೆಕಾದ ಓವನ್ ಮಾತ್ರ ಬೇಡ. ಮೊದಲ ಐದು ನಿಮಿಷದ ಜೋರು ಶಾಖದಲ್ಲೇ ಸ್ಕೋನ್ ಏಳುವುದು.

ಈಗ ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪನ್ನು ಅಗಲದ ಪಾತ್ರೆಗೆ ಜರಡಿ ಹಿಡಿಯಿರಿ. ಬೆಣ್ಣೆಯನ್ನು ಕ್ಯಾರೆಟ್ ತುರಿಯುವ ತುರಿಮಣೆಯಲ್ಲಿ ತುರಿದು ಹಾಕಿ. ಬೆರಳ ತುದಿಯಲ್ಲಷ್ಟೇ ಹಿಟ್ಟನ್ನೂ ಬೆಣ್ಣೆಯನ್ನೂ ಉಜ್ಜಿ, ಮೇಲಕ್ಕೆತ್ತಿ ಉದುರಿಸಿ. ಅಂಗೈ ತಾಗಿಸಬೇಡಿ, ಅದು ಬಿಸಿ. ದಪ್ಪ ರವೆಯ ಹಾಗೆ ಆದರೆ ಸಾಕು. ಅಲ್ಲಲ್ಲಿ ಬೆಣ್ಣೆಯ ಚೂರು ಕಾಣಬೇಕು. ಆ ಚೂರುಗಳು ಓವನ್ನಿನಲ್ಲಿ ಕರಗಿ ಆವಿ ಬಿಡುತ್ತವೆ, ಅವು ಇದ್ದ ಜಾಗ ಟೊಳ್ಳಾಗಿ ಪದರ ಬಿಚ್ಚಿಕೊಳ್ಳುತ್ತದೆ. ಮಂಗಳೂರಿನ ಸೆಖೆಯಲ್ಲಿ ಮಾಡುವವರು ಈ ಹಂತದಲ್ಲಿ ಪಾತ್ರೆಯನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಡಿ.

ಸಕ್ಕರೆ, ಹಣ್ಣು ಬೆರೆಸಿ. ನಡುವೆ ಗುಳಿ ಮಾಡಿ ಓಟ್ಸ್ ನೆನೆದ ಮಜ್ಜಿಗೆ ಅಷ್ಟನ್ನೂ ಒಮ್ಮೆಗೇ ಸುರಿಯಿರಿ. ಚಾಕುವಿನಿಂದ ಹತ್ತು ಹನ್ನೆರಡು ಸಲ ತಿರುಗಿಸಿ. ಒಣ ಹಿಟ್ಟು ತಳದಲ್ಲಿ ಉಳಿದಿದ್ದರೆ ಇನ್ನೊಂದು ಚಮಚ ಮಜ್ಜಿಗೆ. ಅಂಟಂಟಾಗಿ, ಒರಟಾಗಿ, ಅಲ್ಲಲ್ಲಿ ಬಿರುಕು ಬಿಟ್ಟ ಹಾಗೆ ಕಾಣುತ್ತದೆ. ನೋಡಿದರೆ ಸರಿಮಾಡೋಣ ಅನಿಸುತ್ತದೆ, ಅಲ್ವಾ? ಬಿಡಿ. ಹಾಗೇ ಇರಬೇಕು. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕುವವರಿಗೆ ಮಜ್ಜಿಗೆ ಎರಡು ಚಮಚ ಜಾಸ್ತಿ ಬೇಕಾಗುತ್ತದೆ.

ಹಿಟ್ಟುದುರಿಸಿದ ಮಣೆಯ ಮೇಲೆ ಹಾಕಿ, ಎರಡು ಸಲ ಮಡಚಿ, ಅಂಗೈಯಿಂದ ಮೆಲ್ಲಗೆ ತಟ್ಟಿ. ಲಟ್ಟಣಿಗೆ ಒಳಗೇ ಇರಲಿ. ದಪ್ಪ ಎರಡೂವರೆ ಸೆಂಟಿಮೀಟರ್ ಇರಬೇಕು. ತೆಳ್ಳಗೆ ತಟ್ಟಿದ್ದು ಓವನ್ನಿನಲ್ಲಿ ಎದ್ದು ದಪ್ಪವಾಗುತ್ತದೆ ಎಂದು ಕಾಯಬೇಡಿ. ಕತ್ತರಿಸಲು ಸ್ಟೀಲ್ ಲೋಟ ಬೇಡ. ಅದರ ಅಂಚು ಮಡಚಿದ್ದು, ಹಿಟ್ಟನ್ನು ಕೊಯ್ಯುವ ಬದಲು ಅದುಮುತ್ತದೆ. ಅದುಮಿದ ಪಕ್ಕ ಮೇಲೇಳದೆ ಸ್ಕೋನ್ ವಾರೆಯಾಗುತ್ತದೆ. ಹರಿತವಾದ ಕಟರ್ ಇದ್ದರೆ ಹಿಟ್ಟಿನಲ್ಲಿ ಅದ್ದಿ ನೇರ ಒತ್ತಿ, ತಿರುಚದೆ ಎತ್ತಿ. ಇಲ್ಲದಿದ್ದರೆ ದುಂಡಗೆ ತಟ್ಟಿದ್ದನ್ನು ಚಾಕುವಿನಿಂದ ಎಂಟು ತ್ರಿಕೋನ ಮಾಡಿ. ನನಗೆ ಇಷ್ಟ ಇದೇ. ಅಂಚು ಉಳಿಯುವುದಿಲ್ಲ, ಉಳಿದ ಚೂರನ್ನು ಮತ್ತೆ ಕೂಡಿಸಿ ತಟ್ಟುವ ಕೆಲಸವೂ ಇಲ್ಲ.

ಟ್ರೇಯಲ್ಲಿ ಒಂದಕ್ಕೊಂದು ಬೆರಳಷ್ಟೇ ದೂರ ಇಡಿ. ಮೇಲ್ಮೈಗೆ ಮಾತ್ರ ಹಾಲು ಸವರಿ, ಎತ್ತಿಟ್ಟ ಓಟ್ಸ್ ಉದುರಿಸಿ. ಹದಿನಾಲ್ಕರಿಂದ ಹದಿನೇಳು ನಿಮಿಷ. ತಲೆ ಹೊಂಬಣ್ಣಕ್ಕೆ ಬಂದು, ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆಯಿತು. ಮೆತ್ತಗಿನ ಹೊರಪದರ ಬೇಕಿದ್ದರೆ ಬಿಸಿಯಿರುವಾಗಲೇ ಬಟ್ಟೆ ಮುಚ್ಚಿ.

ಓವನ್ ಇಲ್ಲದವರಿಗೆ ಸ್ಕಾಟ್ಲೆಂಡಿನ ಹಳೆಯ ದಾರಿಯೇ ಇದೆ. ದೋಸೆಯ ಬೀಡಿನ ಕಾವಲಿ ತೆಗೆಯಿರಿ. ಹಿಟ್ಟನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ದುಂಡಗೆ ತಟ್ಟಿ ನಾಲ್ಕು ಭಾಗ ಮಾಡಿ. ಎಣ್ಣೆ ಬೇಡ, ಚಿಟಿಕೆ ಮೈದಾ ಉದುರಿಸಿ. ಅದು ನಿಧಾನಕ್ಕೆ ಬಣ್ಣ ತಿರುಗಿದರೆ ಕಾವು ಸರಿ, ತಕ್ಷಣ ಕಂದಾದರೆ ಉರಿ ಇಳಿಸಿ. ಒಂದೊಂದು ಬದಿ ಐದಾರು ನಿಮಿಷ, ಕೊನೆಗೆ ಪಕ್ಕಗಳನ್ನೂ ನಿಲ್ಲಿಸಿ ಬೇಯಿಸಿ. ಎತ್ತರ ಬರುವುದಿಲ್ಲ, ಆದರೆ ಓಟ್ಸ್‌ನ ರುಚಿ ಇದರಲ್ಲೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಚಾಕು ಹಾಕದೆ ಕೈಯಲ್ಲೇ ಎರಡು ಹೋಳು ಮಾಡಿ, ಬೆಣ್ಣೆ, ಮೇಲೆ ಜಾಮ್ ಹಚ್ಚಿ ತಿನ್ನಿ. ಇಲ್ಲಿ ರಾಸ್ಪ್‌ಬೆರಿ ಜಾಮ್, ಅಕ್ಕನ ಮನೆಯಲ್ಲಿ ಅನಾನಸ್ ಗೊಜ್ಜಿನ ಸಿಹಿ ಪಾಕ. ಸ್ಕೋನ್ ಮಾಡಿದ ದಿನವೇ ಚೆಂದ. ಉಳಿಯುತ್ತದೆ ಅನಿಸಿದರೆ ಬೇಯಿಸದ ತ್ರಿಕೋನಗಳನ್ನೇ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಡಬ್ಬಿಗೆ ಹಾಕಿಡಿ, ಒಂದು ತಿಂಗಳು ಇರುತ್ತದೆ. ಕರಗಿಸದೆ ನೇರ ಓವನ್ನಿಗೆ ಇಟ್ಟು ನಾಲ್ಕು ನಿಮಿಷ ಜಾಸ್ತಿ ಬೇಯಿಸಿದರೆ ಆಯಿತು.