ಪಟ್ಟಾಯ ಮಾಲ್: ಹೋಗುವ ಮುನ್ನ, ಬಿಲ್ ಮಾಡುವಾಗ, ವಿಮಾನ ಹತ್ತುವಾಗ

ಥಾಯ್ಲೆಂಡ್‌ನ ಪಟ್ಟಾಯದಲ್ಲಿ ಬೆಳಿಗ್ಗೆ ಹತ್ತು ದಾಟಿತೆಂದರೆ ಸಮುದ್ರದ ದಂಡೆಯಲ್ಲಿ ನಿಲ್ಲುವುದು ಕಷ್ಟ. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಇನ್ನೂ ಕಷ್ಟ. ಹಾಗಾಗಿ ಬೀಚನ್ನು ಬೆಳಿಗ್ಗೆಗೆ, ಸಂಜೆಗೆ ಇಟ್ಟುಕೊಂಡು ಉರಿಬಿಸಿಲಿನ ಹೊತ್ತನ್ನು ಮಾಲ್‌ಗೆ ಕೊಡಿ. ತಂಪಾದ ಜಾಗ, ಕೂರಲು ಆಸನ, ಶುಚಿಯಾದ ಶೌಚಾಲಯ ಮೂರೂ ಸಿಗುತ್ತವೆ. ಆದರೆ ಸುಮ್ನೆ ಒಳಗೆ ಹೊಕ್ಕು ಕಂಡದ್ದೆಲ್ಲ ಕೊಂಡರೆ ದುಡ್ಡು ಹೋಗುತ್ತದೆ, ತಂದ ಸಾಮಾನು ನಮ್ಮೂರಲ್ಲೇ ಸಿಗುವಂಥದ್ದಾಗಿರುತ್ತದೆ. ಸ್ವಲ್ಪ ತಯಾರಿ ಬೇಕು.

ಮೊದಲು ಯಾವ ಮಾಲ್ ಎಂದು ತೀರ್ಮಾನಿಸಿ

ಇಲ್ಲಿ ದೊಡ್ಡವು ಎರಡು. ಸೆಂಟ್ರಲ್ ಪಟ್ಟಾಯ 2009ರಲ್ಲಿ ತೆರೆದದ್ದು. ಒಂದು ಬದಿ ಬೀಚ್ ರೋಡ್, ಇನ್ನೊಂದು ಬದಿ ಸೆಕೆಂಡ್ ರೋಡ್. ಎರಡೂ ಕಡೆಯಿಂದ ಒಳಗೆ ಹೋಗಬಹುದು. ಟರ್ಮಿನಲ್ 21 ಉತ್ತರ ಪಟ್ಟಾಯದಲ್ಲಿದೆ, 2018ರಲ್ಲಿ ಶುರುವಾಯಿತು. ಇಡೀ ಕಟ್ಟಡವನ್ನು ವಿಮಾನ ನಿಲ್ದಾಣದ ಹಾಗೆ ಮಾಡಿದ್ದಾರೆ. ಪ್ಯಾರಿಸ್, ಲಂಡನ್, ಟೋಕಿಯೊ ಎಂದು ಮಹಡಿಗೊಂದು ಊರಿನ ಅಲಂಕಾರ. ಮಕ್ಕಳಿದ್ದರೆ ಟರ್ಮಿನಲ್ 21, ನಿಜವಾಗಿ ಖರೀದಿಯೇ ಮಾಡಬೇಕೆಂದಿದ್ದರೆ ಸೆಂಟ್ರಲ್ ಎಂಬುದು ನನ್ನ ಸಲಹೆ. ಒಂದೇ ದಿನ ಎರಡನ್ನೂ ಸುತ್ತಲು ಹೊರಟರೆ ಕಾಲು ಸೋಲುತ್ತದೆ, ಅಷ್ಟೇ.

ಹೋಗುವುದು ಸುಲಭ. ಹಿಂದೆ ಎರಡು ಬೆಂಚಿರುವ ನೀಲಿ ಪಿಕಪ್ ಗಾಡಿಗಳು ಓಡಾಡುತ್ತಲೇ ಇರುತ್ತವೆ. ಸಾಂಗ್‌ಥೇವ್ ಅನ್ನುತ್ತಾರೆ. ಬೀಚ್ ರೋಡಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ, ಸೆಕೆಂಡ್ ರೋಡಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತವೆ. ಕೈ ತೋರಿಸಿ ಹತ್ತಿ, ಇಳಿಯುವ ಜಾಗದಲ್ಲಿ ಬೆಲ್ ಒತ್ತಿ, ಚಿಲ್ಲರೆ ಕೊಡಿ. ಹತ್ತುವ ಮೊದಲೇ 'ಎಷ್ಟು' ಎಂದು ಕೇಳಬೇಡಿ. ಕೇಳಿದರೆ ಇಡೀ ಗಾಡಿ ಬಾಡಿಗೆಗೆ ಬೇಕೇನೋ ಅಂದುಕೊಂಡು ಬೇರೆಯದೇ ರೇಟು ಹೇಳುತ್ತಾರೆ.

ಚೀಲ, ಪಾಸ್‌ಪೋರ್ಟ್, ದುಡ್ಡು

ಹೋಟೆಲ್ ಬಿಡುವಾಗ ಒಂದು ಬಟ್ಟೆ ಚೀಲ ಮಡಚಿ ಇಟ್ಟುಕೊಳ್ಳಿ. 2020ರ ಜನವರಿಯಿಂದ ಥಾಯ್ಲೆಂಡ್‌ನ ದೊಡ್ಡ ಅಂಗಡಿಗಳು ಪ್ಲಾಸ್ಟಿಕ್ ಕೈಚೀಲ ಕೊಡುವುದನ್ನು ನಿಲ್ಲಿಸಿವೆ. ಪಾಸ್‌ಪೋರ್ಟ್ ಕೂಡ ಜೊತೆಗಿರಲಿ. ತೆರಿಗೆ ವಾಪಸಿನ ಕಾಗದ ಮಾಡಿಸಲು ಅದು ಬೇಕೇ ಬೇಕು. ಮಾಹಿತಿ ಕೌಂಟರ್‌ನಲ್ಲಿ ಪ್ರವಾಸಿಗರ ರಿಯಾಯಿತಿ ಕಾರ್ಡ್ ಇದೆಯೇ ಎಂದೂ ಅದನ್ನು ತೋರಿಸಿ ಕೇಳಬಹುದು.

ದುಡ್ಡಿನ ವಿಷಯದಲ್ಲಿ ಎರಡು ಮಾತು. ಅಲ್ಲಿಯ ಹಣದ ಹೆಸರು ಬಾತ್. ಎಟಿಎಂನಲ್ಲಿ ಹೊರದೇಶದ ಕಾರ್ಡ್ ಹಾಕಿದರೆ ಪ್ರತಿ ಸಲವೂ 200 ಬಾತ್‌ಗಿಂತ ಹೆಚ್ಚು ಶುಲ್ಕ ಕಟ್ ಆಗುತ್ತದೆ. ಹಾಗಾಗಿ ಚೂರುಪಾರು ತೆಗೆಯಬೇಡಿ. ಇನ್ನು ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ 'ರೂಪಾಯಿಯಲ್ಲೋ, ಬಾತ್‌ನಲ್ಲೋ' ಎಂದು ಮೆಷಿನ್ ಕೇಳಬಹುದು. ರೂಪಾಯಿ ಕಂಡ ಕೂಡಲೇ ಸಮಾಧಾನ ಆಗುತ್ತದೆ, ಅಲ್ವಾ? ಆದರೂ ಬಾತ್ ಅನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಆ ಮೆಷಿನ್‌ನವರು ಹಾಕುತ್ತಾರೆ, ಅದು ಹೆಚ್ಚುಕಮ್ಮಿ ಯಾವಾಗಲೂ ದುಬಾರಿ.

ಏನು ಕೊಳ್ಳಬೇಕು, ಏನು ಬೇಡ

ದೊಡ್ಡ ದೊಡ್ಡ ವಿದೇಶಿ ಬ್ರ್ಯಾಂಡ್‌ಗಳ ಮುಂದೆ ಹೊತ್ತು ಕಳೆಯಬೇಡಿ. ಅದೇ ಶೂ, ಅದೇ ಟೀ ಶರ್ಟ್ ಬೆಂಗಳೂರಿನ ಮಾಲ್‌ನಲ್ಲೂ ಇದೆ. ಗೋಡಂಬಿಯನ್ನೂ ಹೊತ್ತು ತರಬೇಡಿ, ಮಂಗಳೂರು ಇರುವಾಗ ಅದರ ಅಗತ್ಯವಿಲ್ಲ. ಅಲ್ಲಿಯದೇ ಆದದ್ದನ್ನು ಹುಡುಕಿ. ಒಣಗಿಸಿದ ಮಾವು, ಮೂಗಿಗೆ ಹಿಡಿಯುವ ಪುಟ್ಟ ಇನ್‌ಹೇಲರ್, ನೋವಿನ ಬಾಮ್, ಆನೆ ಚಿತ್ರದ ತೆಳು ಹತ್ತಿ ಪ್ಯಾಂಟ್, ನಾರಾಯ ಬ್ರ್ಯಾಂಡಿನ ಬಟ್ಟೆ ಚೀಲ. 'ಓಟಾಪ್' ಎಂಬ ಗುರುತು ಕಂಡರೆ ನಿಂತು ನೋಡಿ. ಒಂದೊಂದು ಹೋಬಳಿಯೂ ತನ್ನದೇ ಒಂದು ಸಾಮಾನು ತಯಾರಿಸಲಿ ಎಂದು ಥಾಯ್ ಸರ್ಕಾರ 2001ರಲ್ಲಿ ಶುರು ಮಾಡಿದ ಯೋಜನೆಯದು. ನೀವು ಕೊಟ್ಟ ದುಡ್ಡು ಹಳ್ಳಿಯ ಕೈಗಳಿಗೆ ತಲುಪುತ್ತದೆ ಎಂಬುದು ನನಗೆ ದೊಡ್ಡ ಕಾರಣ.

ಬಟ್ಟೆಯನ್ನು ಹಾಕಿ ನೋಡದೆ ಕೊಳ್ಳಬೇಡಿ. ಅಲ್ಲಿಯ ಅಳತೆ ನಮ್ಮದಕ್ಕಿಂತ ಸಣ್ಣದು. ಮಾಲ್‌ನ ಅಂಗಡಿಗಳಲ್ಲಿ ಬೆಲೆ ನಿಗದಿ, ಚೌಕಾಸಿ ನಡೆಯದು. ಅದಕ್ಕೆ ರಾತ್ರಿ ಸಂತೆಗಳಿವೆ. ಬುದ್ಧನ ವಿಗ್ರಹ ಇಷ್ಟವಾಯಿತೆಂದು ಎತ್ತಿಕೊಳ್ಳುವ ಮುನ್ನ ಯೋಚಿಸಿ. ಅದನ್ನು ದೇಶದಿಂದ ಆಚೆ ಒಯ್ಯಲು ಅಲ್ಲಿಯ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಇ-ಸಿಗರೇಟ್ ಎರಡೂ ದೇಶಗಳಲ್ಲಿ ನಿಷೇಧ, ಆ ಕಡೆ ತಲೆಯನ್ನೂ ಹಾಕಬೇಡಿ.

ಸೂಪರ್‌ಮಾರ್ಕೆಟ್‌ನಲ್ಲಿ ಪೊಟ್ಟಣದ ಮೇಲಿನ ತಾರೀಖು ನೋಡಿ ಗಾಬರಿ ಆಗಬೇಡಿ. ಥಾಯ್ ಜನ ಬುದ್ಧ ಶಕೆ ಬಳಸುತ್ತಾರೆ, ಅದು ನಮ್ಮ ಇಸವಿಗಿಂತ 543 ವರ್ಷ ಮುಂದೆ. 2569 ಎಂದಿದ್ದರೆ 2026. ಕೆಲವೊಮ್ಮೆ ಬರೀ 69 ಎಂದೂ ಇರುತ್ತದೆ.

ಸಸ್ಯಾಹಾರಿಗಳು ಊಟ ಹೇಗೆ ಮಾಡಬೇಕು

ಇದನ್ನು ನಿಧಾನವಾಗಿ ಹೇಳಬೇಕು. ಅಲ್ಲಿ ತರಕಾರಿ ಎಂದು ಹೇಳಿ ತಂದುಕೊಡುವ ತಟ್ಟೆಯಲ್ಲೂ ಮೀನಿನ ಸಾಸ್ ಇರಬಹುದು. ಅದು ಅವರಿಗೆ ಉಪ್ಪಿದ್ದಂತೆ, ಬಚ್ಚಿಟ್ಟು ಹಾಕುವುದಲ್ಲ. ಬರೀ 'ವೆಜ್' ಎಂದರೆ ಸಾಲದು. 'ಮಾಯ್ ಸಾಯ್ ನಾಮ್ ಪ್ಲಾ' ಎನ್ನಿ. ಮೀನಿನ ಸಾಸ್ ಹಾಕಬೇಡಿ ಎಂದು. ಕಪ್ಪಗೆ ಕಾಣುವ ಸಿಂಪಿ ಸಾಸ್ ಬಗ್ಗೆಯೂ ಕೇಳಿ.

ಇದಕ್ಕಿಂತ ಭದ್ರವಾದ ದಾರಿ 'ಜೇ' ಊಟ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದ ಗುರುತು ಇರುತ್ತದೆ. ನಮ್ಮ ಕಣ್ಣಿಗೆ 17 ಎಂದು ಬರೆದಂತೆ ಕಾಣುತ್ತದೆ. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇರುವುದಿಲ್ಲ; ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮನೆಯಲ್ಲಿ ಈರುಳ್ಳಿ ತಿನ್ನದ ಅಜ್ಜಿ ಇದ್ದರೂ ನೆಮ್ಮದಿಯಿಂದ ಬಡಿಸಬಹುದು. ಪೊಟ್ಟಣದ ತಿಂಡಿಗಳ ಮೇಲೂ ಇದೇ ಗುರುತು ಹುಡುಕಿ. ಚಿಪ್ಸ್ ಪೊಟ್ಟಣವನ್ನೂ ತಿರುಗಿಸಿ ನೋಡಿ, ಅಲ್ಲಿ ಸೀಗಡಿ, ಸ್ಕ್ವಿಡ್ ರುಚಿಗಳು ಮಾಮೂಲಿ.

ಟರ್ಮಿನಲ್ 21ರ ಪಿಯರ್ 21 ಫುಡ್ ಕೋರ್ಟ್ ಬೆಲೆಗೆ ಹೆಸರುವಾಸಿ, ಹೊರಗಿನ ಹೋಟೆಲ್‌ಗಳಿಗಿಂತ ಕಡಿಮೆ. ಮೊದಲು ಕೌಂಟರ್‌ನಲ್ಲಿ ದುಡ್ಡು ಕಟ್ಟಿ ಕಾರ್ಡ್ ತಗೊಳ್ಳಬೇಕು, ಆಮೇಲೆ ಅಂಗಡಿಗಳಲ್ಲಿ ಅದನ್ನು ತೋರಿಸಬೇಕು. ಹೊರಡುವಾಗ ಉಳಿದ ದುಡ್ಡನ್ನು ವಾಪಸ್ ಕೇಳಿ.

ತೆರಿಗೆ ವಾಪಸ್ ಪಡೆಯುವ ಬಗೆ

ಥಾಯ್ಲೆಂಡ್‌ನಲ್ಲಿ ವ್ಯಾಟ್ 7%. ನಾವು ಕೊಂಡು ಹೊರಗೆ ಒಯ್ಯುವ ಸಾಮಾನಿಗೆ ಅದರಲ್ಲಿ ಒಂದಷ್ಟು ಭಾಗ ವಾಪಸ್ ಸಿಗುತ್ತದೆ. ಎಷ್ಟೋ ಕುಟುಂಬಗಳು ಗೊತ್ತಿಲ್ಲದೆ ಇದನ್ನು ಬಿಟ್ಟು ಬರುತ್ತವೆ.

ಪ್ರವಾಸಿಗರಿಗೆ ವ್ಯಾಟ್ ವಾಪಸ್ ಎಂಬ ಫಲಕ ಇರುವ ಅಂಗಡಿಯಲ್ಲೇ ಕೊಳ್ಳಿ. ಒಂದೇ ಅಂಗಡಿಯಲ್ಲಿ, ಒಂದೇ ದಿನ, ಕನಿಷ್ಠ 2,000 ಬಾತ್ ಖರೀದಿ ಆಗಿರಬೇಕು. ಇಲ್ಲೇ ಜಾಣತನ ಬೇಕಾಗುವುದು. ನಾಲ್ಕು ಜನ ನಾಲ್ಕು ಬಿಲ್ ಮಾಡಿಸಿ, ಒಬ್ಬೊಬ್ಬರದೂ ಸಾವಿರ ಚಿಲ್ಲರೆ ಆದರೆ ಯಾರಿಗೂ ಏನೂ ಸಿಗದು. ಒಬ್ಬರ ಪಾಸ್‌ಪೋರ್ಟ್ ಹೆಸರಿನಲ್ಲೇ ಎಲ್ಲವನ್ನೂ ಬಿಲ್ ಮಾಡಿಸಿ. ಆಗ ಪಿಪಿ10 ಎಂಬ ಫಾರ್ಮ್ ಭರ್ತಿ ಮಾಡಿ ಕೊಡುತ್ತಾರೆ. ಅದನ್ನು ಅದೇ ದಿನ, ಅದೇ ಅಂಗಡಿಯಲ್ಲಿ ಪಡೆಯಿರಿ. ಜೊತೆಗೆ ಮೂಲ ಬಿಲ್ ಇರಬೇಕು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಖರೀದಿಸಿದ 60 ದಿನದೊಳಗೆ ಸಾಮಾನು ದೇಶ ಬಿಡಬೇಕು. ತಿಂದ ಊಟಕ್ಕೆ, ಹೋಟೆಲ್ ಬಾಡಿಗೆಗೆ ಇದು ಅನ್ವಯಿಸದು.

ವಾಪಸಾತಿ ಆಗುವುದು ವಿಮಾನ ನಿಲ್ದಾಣದಲ್ಲಿ. ಖರೀದಿಯ ಮೊತ್ತ ದೊಡ್ಡದಾಗಿದ್ದರೆ ಚೆಕ್-ಇನ್‌ಗೆ ಮೊದಲೇ ಕಸ್ಟಮ್ಸ್‌ನವರಿಗೆ ಸಾಮಾನು ತೋರಿಸಿ ಫಾರ್ಮ್ ಮೇಲೆ ಮುದ್ರೆ ಹಾಕಿಸಬೇಕು. ಎಷ್ಟರ ಮೇಲೆ ಎಂಬ ನಿಯಮವನ್ನು ಆಗಾಗ ಬದಲಿಸುತ್ತಾರೆ, ಹಾಗಾಗಿ ಫಾರ್ಮ್ ಬರೆಸುವಾಗಲೇ ಅಂಗಡಿಯಲ್ಲಿ ಕೇಳಿ. ಸಾಮಾನನ್ನು ಸೂಟ್‌ಕೇಸಿನ ತಳಕ್ಕೆ ತುರುಕದೆ ಮೇಲೆ ಇಡಿ. ಒಡವೆ, ವಾಚ್, ಮೊಬೈಲ್‌ನಂಥ ಬೆಲೆಬಾಳುವವು ಕೈಚೀಲದಲ್ಲೇ ಇರಲಿ, ಒಳಗೆ ಮತ್ತೆ ತೋರಿಸಬೇಕಾಗಬಹುದು. ಇಮಿಗ್ರೇಶನ್ ದಾಟಿದ ಮೇಲೆ ವ್ಯಾಟ್ ಕೌಂಟರ್ ಸಿಗುತ್ತದೆ. ನಗದು ಬೇಕೆಂದರೆ 100 ಬಾತ್ ಸೇವಾ ಶುಲ್ಕ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ.

ಈ ಕೆಲಸಕ್ಕೆ ಸಮಯ ಬೇಕು. ಪಟ್ಟಾಯದಿಂದ ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ ಎರಡು ಗಂಟೆ ಹಿಡಿಯಬಹುದು. ಅದರ ಮೇಲೆ ಸಾಲಿನಲ್ಲಿ ನಿಲ್ಲುವುದಕ್ಕೆಂದು ಇನ್ನೊಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೊರಡಿ. 100 ಮಿಲಿಗಿಂತ ದೊಡ್ಡ ಬಾಮ್, ಎಣ್ಣೆ ಬಾಟಲಿಗಳನ್ನು ಹೋಟೆಲ್‌ನಲ್ಲೇ ದೊಡ್ಡ ಪೆಟ್ಟಿಗೆಗೆ ಸೇರಿಸಿಬಿಡಿ.