ಹೊನಗೊನ್ನೆ ಕೊಳ್ಳುವಾಗ ಹೂವಿನ ತೊಟ್ಟು ನೋಡಿ

ನಮ್ಮೂರಲ್ಲಿ ಹೊನಗೊನ್ನೆ ಸೊಪ್ಪನ್ನು ಯಾರೂ ದುಡ್ಡು ಕೊಟ್ಟು ತಂದವರಲ್ಲ. ಗದ್ದೆ ಬದುವಿಗೋ ಕಾಲುವೆ ಅಂಚಿಗೋ ಹೋದರೆ ಮಡಿಲು ತುಂಬ ಸಿಗುತ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ಕಟ್ಟು ಕೊಂಡೆ. ಎಲೆ ಅಗಲ, ದಂಟು ದಪ್ಪ, ಎಷ್ಟು ಚೆನ್ನಾಗಿದೆ ಎಂದು ಹಿಗ್ಗಿದ್ದೇ ಬಂತು. ಒಲೆಯ ಮೇಲಿಟ್ಟರೆ ಚರಂಡಿ ವಾಸನೆ! ಬೇಳೆ ಸಮೇತ ಚೆಲ್ಲಿದೆ.

ಅದು ಹೊನಗೊನ್ನೆಯ ದಾಯಾದಿ, ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ. ಎರಡೂ ದಂಟಿನ ಸೊಪ್ಪಿನ ಕುಟುಂಬದವೇ, ಎರಡರದ್ದೂ ಬಿಳಿ ಹೂ, ಎದುರುಬದುರು ಎಲೆ. ಹಾಗಾಗಿ ಎಲೆ ನೋಡಿ ಗುರುತು ಹಿಡಿಯಲು ಹೋಗಬೇಡಿ. ಹೊನಗೊನ್ನೆಯ ಹೂವಿಗೆ ತೊಟ್ಟೇ ಇಲ್ಲ. ಎಲೆಯ ಕಂಕುಳಲ್ಲಿ ಪುಟ್ಟ ಗುಂಡಿಯಂತೆ ಅಂಟಿ ಕೂತಿರುತ್ತದೆ. ಕಳೆಯದು ಹಾಗಲ್ಲ, ಉದ್ದ ತೊಟ್ಟಿನ ಮೇಲೆ ದೊಡ್ಡ ಚೆಂಡು. ಹೂವಿಲ್ಲದ ಕಟ್ಟಾದರೆ ದಂಟು ಮುರಿದು ನೋಡಿ. ದಪ್ಪಗಿದ್ದು ಒಳಗೆ ಕೊಳವೆಯಂತೆ ಟೊಳ್ಳಾಗಿದ್ದರೆ ಅನುಮಾನ ಪಡಿ.

ಇಷ್ಟಾದರೂ ಎಲ್ಲಿ ಕೊಯ್ದದ್ದು ಎಂದು ಕೇಳದೆ ತರಬೇಡಿ. ಕೊಳಚೆ ಸೇರುವ ಕೆರೆಯದ್ದಾದರೆ ಅಸಲಿ ಹೊನಗೊನ್ನೆಯೂ ಬೇಡ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ವಿಷ ಲೋಹ ಎಲ್ಲ ಗಿಡದೊಳಗೆ ಸೇರಿರುತ್ತದೆ, ಉಪ್ಪುನೀರಲ್ಲಿ ನಾಲ್ಕು ಸಲ ಜಾಲಾಡಿದರೂ ಹೋಗುವಂಥದ್ದಲ್ಲ.

ಅಡುಗೆಗೆ ಎಳೇ ಕುಡಿಯೇ ಸರಿ, ಹೂ ಬಿಟ್ಟರೆ ನಾರು. ತೊಗರಿಬೇಳೆ ಅರೆಬೆಂದಾಗ ಸೊಪ್ಪು ಹಾಕಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಮುಗಿಯಿತು, ಮಸಾಲೆ ಸುರಿದು ಕೆಡಿಸಬೇಡಿ. ಕಣ್ಣಿಗೆ ಒಳ್ಳೆಯದೆಂದು ಅತ್ತೆ ಹೇಳುತ್ತಿದ್ದರು. ಎ ಜೀವಸತ್ವಕ್ಕೆ ಬೇಕಾದ ಅಂಶ ಅದರಲ್ಲಿರುವುದಂತೂ ನಿಜ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಲಿ, ಈ ಕುಟುಂಬದ ಸೊಪ್ಪುಗಳಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಜಾಸ್ತಿ.

ಒಮ್ಮೆ ಒಳ್ಳೆಯ ಸೊಪ್ಪು ಸಿಕ್ಕರೆ ಎಲೆ ಬಿಡಿಸಿಕೊಂಡು ಬಲಿತ ಕಡ್ಡಿ ಇಟ್ಟುಕೊಳ್ಳಿ. ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಕುಂಡದಲ್ಲಿ ನೆಟ್ಟು ತೇವ ಆರದಂತೆ ನೋಡಿಕೊಂಡರೆ ಸಾಕು, ಚಿಗುರುತ್ತದೆ. ಬೇರೆ ಗಿಡಗಳಿಂದ ದೂರವಿಡಿ. ನೆಲ ಮುಟ್ಟಿದ ಗಿಣ್ಣಿಗೆಲ್ಲ ಬೇರು ಬಿಡುವ ಜಾತಿ ಇದು. ನಮ್ಮನೆಯದು ಈಗಾಗಲೇ ಕರಿಬೇವಿನ ಕುಂಡಕ್ಕೆ ಕಾಲಿಟ್ಟಾಗಿದೆ.