ಮೊಮ್ಮಕ್ಕಳ ಕಾಲದ ಮಾತು: ಊರ ಕಟ್ಟೆಯ ಮೇಲೆ ನಾವು ನಡೆಸುವ ಬಗೆ

ಹಾವೇರಿ ಕಡೆಯ ಊರುಗಳಲ್ಲಿ ಕಟ್ಟೆಯ ಮೇಲೆ ಜನರನ್ನು ಕೂಡಿಸಿ, ಮುಂದಿನ ತಲೆಮಾರಿಗೆ ನೀರು, ಗಿಡ ಏನು ಉಳಿಸುತ್ತೇವೆ ಎಂಬ ಮಾತು ತೆಗೆಯುವಾಗ ನಾವು ಅಂಕಿ-ಅಂಶ ಹೇಳುವುದಿಲ್ಲ. ಅಂತರ್ಜಲದ ಚಾರ್ಟು ತೋರಿಸಿದರೆ ಜನ ತಲೆಯಾಡಿಸಿ ಎದ್ದು ಹೋಗುತ್ತಾರೆ. ಕೂಟಕ್ಕೆ 12ರಿಂದ 15 ಮಂದಿ ಸಾಕು. ಹೆಚ್ಚಾದರೆ ಭಾಷಣಕಾರರು ಹುಟ್ಟಿಕೊಳ್ಳುತ್ತಾರೆ. ಸಂಜೆ ಹಾಲು ಹಿಂಡಿದ ಮೇಲೆ ಒಂದೂವರೆ ತಾಸು.

ನೆಲದ ಮೇಲೆ ಸುಣ್ಣದ ಪುಡಿಯಿಂದ ಉದ್ದ ಗೆರೆ ಎಳೆದು ನಡುವೆ 'ಈಗ' ಎಂದು ಗುರುತು ಹಾಕುತ್ತೇವೆ. ಒಂದು ಹೆಜ್ಜೆಗೆ 25 ವರ್ಷ, ಹಿಂದಿನ ಕಾಲಕ್ಕೆ ಮೂರು, ಮುಂದಿನ ಕಾಲಕ್ಕೆ ಮೂರು. ಮೊದಲು ಹಿಂದಕ್ಕೇ ನಡೆಸಬೇಕು. "ಯಜ್ಜಾ, ನಿಮ್ಮ ಹೊಲದಾಗಿನ ಹುಣಸಿಗಿಡಾ ಯಾರು ಹಚ್ಚ್ಯಾರ್ರಿ?" ಎಂದು ಕೇಳಿದರೆ ಸಾಕು, ಒಡ್ಡು ಹಾಕಿದವರು, ಬಾವಿ ತೋಡಿದವರು ಒಬ್ಬೊಬ್ಬರಾಗಿ ಮಾತಿಗೆ ಬರುತ್ತಾರೆ. ಇದಕ್ಕೆ ಅರ್ಧ ತಾಸು ಧಾರಾಳವಾಗಿ ಬಿಡಿ.

ಮುಂದಕ್ಕೆ ನಡೆಯುವಾಗ 'ಇನ್ನೂ ಹುಟ್ಟದವರು' ಎಂದರೆ ಯಾರ ಮುಖವೂ ಕಣ್ಣಿಗೆ ಕಟ್ಟುವುದಿಲ್ಲ. ಅಂಗನವಾಡಿಗೆ ಹೋಗುವ ಮಗುವೊಂದನ್ನು ಹೆಸರು ಹಿಡಿದೇ ಕರೆಯಬೇಕು. ಇಂದು 5 ವರ್ಷದ ಹುಡುಗಿ ಮೂರನೇ ಹೆಜ್ಜೆಗೆ 80ರ ಮುದುಕಿ. ಅವಳ ಜಾಗದಲ್ಲಿ ಒಬ್ಬರು ಕೂತು, "ನಮ್ಮ ಯಜ್ಜ ನಮಗೇನು ಉಳಿಸಿದ್ದ ಗೊತ್ತೇನು?" ಎಂದು ಶುರು ಮಾಡಬೇಕು. ಯಾರದಾದರೂ ಗಂಟಲು ಕಟ್ಟಿದರೆ ಸುಮ್ಮನಿರಿ, ಸಮಾಧಾನ ಮಾಡಲು ಹೋಗಿ ಮಾತು ಬದಲಿಸಬೇಡಿ. ಬೋರು ಕೊರೆಸಿದವರತ್ತ ಬೆರಳು ತೋರಿಸಲು ಬಿಟ್ಟರಂತೂ ಕೂಟ ಕೆಟ್ಟಂತೆಯೇ. ತಪ್ಪು ಹೊರಿಸಿಕೊಂಡವರು ವಾದಕ್ಕಿಳಿಯುತ್ತಾರೆ.

ಅಲ್ಲಿಂದ ನೇರ ಗಿಡ ಹಚ್ಚುವ ಕೆಲಸಕ್ಕೆ ಹೋಗದಿದ್ದರೆ ಮನಸ್ಸು ಕರಗಿದ್ದು ಮರುದಿನಕ್ಕೆ ಉಳಿಯದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹದಲ್ಲಿ ಜನ ಊರ ಸಾಮೂಹಿಕ ನೆಲದಲ್ಲಿ ಹಚ್ಚಿದ್ದ ನೀಲಗಿರಿ ಕಿತ್ತು ಸುಮ್ಮನಾಗಲಿಲ್ಲ, ಊರಿಗೆ ಬೇಕಾದ ಗಿಡಗಳನ್ನೂ ಹಚ್ಚಿದರು. ಈ ಎರಡನೇ ಅರ್ಧವೇ ನಮಗೆ ಮುಖ್ಯ.

ನಾವು ಹಚ್ಚಿಸುವುದು ಹುಣಸೆ, ಅದೂ ಬೀಜದಿಂದ. ಕಸಿ ಗಿಡ ಬೇಗ ಕಾಯಿ ಬಿಡುತ್ತದೆ, ನಿಜ. ಬೀಜದ್ದಕ್ಕೆ 8-10 ವರ್ಷ ಬೇಕು. ಕಾಯುವುದೂ ಈ ಕೆಲಸದ ಭಾಗವೇ ಎಂದು ಬೀಜವನ್ನೇ ಆರಿಸುತ್ತೇವೆ. ಬೀಜ ಒಂದು ರಾತ್ರಿ ನೆನೆಯಲಿ. ಸಸಿಯನ್ನು ಚೀಲದಲ್ಲಿ ಬಹಳ ದಿನ ಬಿಟ್ಟರೆ ತಾಯಿಬೇರು ಸುತ್ತಿಕೊಳ್ಳುತ್ತದೆ. ಗುಂಡಿ 3 ಅಡಿ, ಗಿಡದಿಂದ ಗಿಡಕ್ಕೆ 30 ಅಡಿ. ಬದುವಿನಲ್ಲಾದರೆ ಬಾಜೂ ಹೊಲದವರನ್ನು ಮೊದಲೇ ಕೇಳಿ, ನೆರಳಿನ ಜಗಳಕ್ಕೇ ಎಷ್ಟೋ ಗಿಡ ಕಡಿಸಿಕೊಂಡಿವೆ. ಆಡುಗಳಿಗೆ ಸಿಗದಂತೆ ಜಾಲಿ ಮುಳ್ಳಿನ ಬೇಲಿ, ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಕೊಡ ನೀರು. ನೀರಿನ ಪಾಳಿ ಯಾವ ವಾರ ಯಾರದ್ದೆಂದು ಕಟ್ಟೆ ಬಿಟ್ಟು ಏಳುವ ಮೊದಲೇ ಬರೆಸಿಕೊಳ್ಳುತ್ತೇವೆ.